ಲಂಡನ್ನಿಗೆ ಬಂದು ಮರಳಲ್ಲಿ ತಿದ್ದೋ ಪಾಠ

ಇಲ್ಲಿ ಟೀಚರ್ ಆಗೋಕೆ ಪಿಜಿಸಿಇ ಅಂತ ಒಂದು ವರ್ಷದ ಕೋರ್ಸು, ನಮ್ಮ ಬಿ.ಎಡ್ ಇದ್ದಂಗೆ, ಆದ್ರೆ ಹೆಚ್ಚಿನ ದಿನ ಸ್ಕೂಲಲ್ಲೇ ಕಳೆಯೋದು. ಶಿಕ್ಷಣದ ಇತಿಹಾಸ ಅಂತ ಇದ್ದಿದ್ದೇ ಒಂದೆರಡು ಕ್ಲಾಸು, ನಾನೂ ತೂಕಡಿಸೋ ಲೆಕ್ಕದಲ್ಲೇ ಹಿಂದೆ ಕೂತಿದ್ದೆ. ಸ್ಲೈಡ್ ಮೇಲೆ 'ಮದ್ರಾಸ್ ಸಿಸ್ಟಮ್' ಅಂತ ಬಂತು ನೋಡಿ, ನಿದ್ದೆ ಹಾರಿಹೋಯ್ತು.

ಆಂಡ್ರ್ಯೂ ಬೆಲ್ ಅಂತ ಸ್ಕಾಟ್ಲೆಂಡಿನ ಪಾದ್ರಿ, 1789ರಿಂದ ಮದ್ರಾಸಿನ ಎಗ್ಮೋರಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆ ನೋಡ್ಕೋತಿದ್ನಂತೆ. ಒಂದಿನ ಕುದುರೆ ಮೇಲೆ ಹೋಗುವಾಗ ನಮ್ಮ ಕಡೆ ಮಕ್ಕಳು ಮರಳು ಹರಡ್ಕೊಂಡು ಬೆರಳಲ್ಲಿ ಅಕ್ಷರ ತಿದ್ತಿರೋದು ಕಣ್ಣಿಗೆ ಬಿತ್ತು. ತನ್ನ ಶಾಲೆಲೂ ಹಂಗೇ ಕಲಿಸಿ ಅಂದ್ರೆ ಅಲ್ಲಿನ ಮೇಷ್ಟ್ರು ಅದೆಲ್ಲ ಆಗೋದಲ್ಲ ಅಂದ್ರು, ಇವನು ಅದೇ ಕೆಲಸನ 8 ವರ್ಷದ ಹುಡುಗನ ಕೈಗೆ ಕೊಟ್ಟ, ಅವನು ಕಲಿಸೇಬಿಟ್ಟ! ಹಿಂಗೆ ಮಕ್ಕಳೇ ಮಕ್ಕಳಿಗೆ ಕಲಿಸೋದಕ್ಕೇ ಮದ್ರಾಸ್ ಸಿಸ್ಟಮ್ ಅಂತ ಹೆಸರು. 1797ರಲ್ಲಿ ಬೆಲ್ ಇದರ ಬಗ್ಗೆ ಪುಸ್ತಕ ಪ್ರಕಟಿಸಿದ, ಮರುವರ್ಷ ಜೋಸೆಫ್ ಲ್ಯಾಂಕಾಸ್ಟರ್ ಅನ್ನೋ ಮೇಷ್ಟ್ರು ಲಂಡನ್ನಿನ ಸೌತ್‌ವಾರ್ಕಲ್ಲಿ ಇದೇ ತರದ ಶಾಲೆ ತೆಗೆದ. ಒಬ್ಬ ಮೇಷ್ಟ್ರು, ನೂರಾರು ಮಕ್ಕಳು, ನಡುವೆ ಮಾನಿಟರ್‌ಗಳು, ಅಂದ್ರೆ ಉಳಿದವರಿಗೆ ಕಲಿಸೋ ಹುಡುಗರು. ಖರ್ಚು ಕಮ್ಮಿ ನೋಡಿ, ಅದಕ್ಕೇ ಎಲ್ಲರಿಗೂ ಇಷ್ಟ ಆಗಿದ್ದು. ತಪ್ಪು ಮಾಡಿದ ಹುಡುಗನ್ನ ಬುಟ್ಟೀಲಿ ಕೂರಿಸಿ ಸೂರಿಗೆ ನೇತುಹಾಕೋ ಶಿಕ್ಷೆನೂ ಇತ್ತಂತೆ, ಇದನ್ನ ಯಾರಿಂದ ಕಲಿತ್ರೋ!

ನನಗೆ ನೆನಪಾಗಿದ್ದು ಬೇರೆ. ನಮ್ಮನೆ ಸಾಗರದ ಹತ್ರ, ಇಕ್ಕೇರಿಗೆ ಸೈಕಲ್ ತುಳ್ಕೊಂಡು ಹೋಗ್ತಿದ್ವಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೋ ಡೆಲ್ಲಾ ವಾಲೆ ಘಟ್ಟ ಹತ್ತಿ ಅದೇ ಇಕ್ಕೇರಿಗೆ ಬರ್ತಾ, ದಾರಿಯಲ್ಲಿ ಗುಡಿ ಜಗುಲಿ ಮೇಲೆ ನಾಲ್ಕು ಹುಡುಗರು ಲೆಕ್ಕನ ರಾಗವಾಗಿ ಹೇಳ್ತಾ ಮರಳಲ್ಲಿ ಬರೀತಿದ್ದಿದ್ದು ನೋಡಿ ಕಾಗದದಲ್ಲಿ ಬರೆದಿದಾನೆ. ತಪ್ಪಿದ್ರೆ ತಿದ್ದೋರು ಯಾರ್ರಪ್ಪಾ ಅಂತ ಕೇಳಿದ್ದಕ್ಕೆ, ಮೇಷ್ಟ್ರೇನೂ ಬೇಡ, ನಾವೇ ಒಬ್ಬರಿಗೊಬ್ಬರು ಹೇಳ್ಕೊಡ್ತೀವಿ ಅಂದ್ರಂತೆ. ಮಕ್ಕಳು ಒಬ್ಬರಿಗೊಬ್ಬರು ಹೇಳ್ಕೊಡೋದು ಎರಡೂ ಕಡೆ ಇದೆ, ಆದ್ರೆ ಜಗುಲೀಲಿ ಅದು ಒಡನಾಟ, ಸೌತ್‌ವಾರ್ಕಲ್ಲಿ ಸಂಬಳ ಉಳಿಸೋ ದಾರಿ. ಕ್ಲಾಸಲ್ಲಿ ಕೈ ಎತ್ತಿ ಇದನ್ನೇ ಹೇಳಿದೆ, ಟ್ಯೂಟರ್ ಆ ಇಟಲಿಯವನ ಹೆಸರಿನ ಸ್ಪೆಲಿಂಗ್ ಬರ್ಕೊಂಡ್ರು.

ರಾತ್ರಿ ಅಜ್ಜನಿಗೆ ವಿಡಿಯೋ ಕಾಲ್ ಮಾಡಿ ಎಲ್ಲಾ ಹೇಳಿದೆ. ಅವರದ್ದು ಕೂಲಿಮಠದಲ್ಲಿ ಓದಿದ ಕೈ. ತೋರುಬೆರಳು ಕ್ಯಾಮೆರಾ ಹತ್ರ ಹಿಡಿದು, "ತಿದ್ದೀ ತಿದ್ದೀ ತುದಿ ಚರ್ಮ ಸುಲಿದು ಹೋಗ್ತಿತ್ತು ಮಾರಾಯ, ಅಮ್ಮ ಕೊಬ್ಬರಿ ಎಣ್ಣೆ ಹಚ್ತಿದ್ಳು," ಅಂದ್ರು. ಆಮೇಲೆ, "ಅದನ್ನ ಕಲಿಯಕ್ಕೆ ಅಲ್ಲಿ ಫೀಸ್ ಎಷ್ಟು ಕಟ್ಟಿದ್ಯಾ?"

ನೆಟ್ವರ್ಕ್ ಸರಿ ಇಲ್ಲ ಅಂದೆ.