ಮರುವಾಯಿಯ ದಾಯಾದಿ

ಕಳೆದ ಸೆಪ್ಟೆಂಬರಿನಲ್ಲಿ ನಮ್ಮ ತೋಟದಲ್ಲಿ ಬೋರರ್ (ಕಾಂಡ ಕೊರೆಯುವ ದುಂಬಿಯ ಮರಿಹುಳು) ಹಿಡಿದ ಕಾಫಿ ಗಿಡ ಹುಡುಕುವ ಕೆಲಸ ನಡೆದಿತ್ತು. ಸೋಮವಾರಪೇಟೆ ಕಡೆ ಅರೇಬಿಕಾ ಇಟ್ಟುಕೊಂಡವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ದುಂಬಿ ಹಾರುವ ಕಾಲಕ್ಕೆ ಮುಂಚೆಯೇ ಸಾಲು ಹಿಡಿದು ನಡೆಯಬೇಕು. ಎಲೆ ಹಳದಿಗೆ ತಿರುಗಿ, ಕಾಂಡದ ತೊಗಟೆ ಮೇಲೆ ಉಬ್ಬುಗೆರೆ ಎದ್ದ ಗಿಡ ಕಂಡರೆ ಬುಡಸಹಿತ ಕಿತ್ತು ಸುಡಬೇಕು. ಹದಿನೆಂಟು ವರ್ಷದ ಗಿಡವನ್ನು ಕೀಳುವಾಗ ಹೊಟ್ಟೆಯೊಳಗೆ ಏನೋ ಹಿಂಡಿದ ಹಾಗಾಗುತ್ತದೆ.

ಮೇಸ್ತ್ರಿ ಒಂದು ಕಾಂಡವನ್ನು ಕತ್ತಿಯಿಂದ ಸೀಳಿ ನನ್ನ ಕೈಗೆ ಕೊಟ್ಟರು. ಒಳಗೆ ಸುರಂಗ. ಸುರಂಗದ ತುಂಬ ಹುಳು ಅಗಿದು ಹಿಂದಕ್ಕೆ ತಳ್ಳಿದ ಪುಡಿ, ಉಗುರಿನಿಂದ ಕೆರೆದರೂ ಬರದಷ್ಟು ಗಟ್ಟಿಯಾಗಿ ಜಡಿದಿತ್ತು. ತುದಿಯಲ್ಲಿ ಬಿಳಿ ಮರಿ ಮುದುಡಿಕೊಂಡಿತ್ತು. ಆ ಕಾಂಡವನ್ನು ಸುಡಲು ಬಿಡದೆ ಮನೆಗೆ ತಂದೆ. ಹುಳು ತೆಗೆದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಅಡುಗೆಮನೆಯ ಕಿಟಕಿ ಹತ್ತಿರ ಇಟ್ಟೆ. ಅಲ್ಲಿ ಇನ್ನೊಂದು ಮರದ ತುಂಡು ಆಗಲೇ ಇತ್ತು. ಇದು ಆ ತುಂಡಿನ ಕಥೆ.

ನನ್ನ ತವರು ಮುಲ್ಕಿ ಹತ್ತಿರ, ಶಾಂಭವಿ ಹೊಳೆ ಸಮುದ್ರ ಸೇರುವ ಕಡೆ. ಮದುವೆಯಾಗಿ ಸಂಪಾಜೆ ಘಾಟಿ ಹತ್ತಿ ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಅಜ್ಜನಿಗೆ ಒಂದು ದೋಣಿ ಇತ್ತು. ಮಳೆಗಾಲಕ್ಕೆ ಮೊದಲು ಅದನ್ನು ದಡಕ್ಕೆಳೆದು, ಕವುಚಿ ಹಾಕಿ, ಗೇರೆಣ್ಣೆ ಬಳಿಯುತ್ತಿದ್ದರು. ಬಳಿಯುವ ಮೊದಲು ಹಲಗೆಗೆ ಬೆರಳಿನ ಗೆಣ್ಣಿನಿಂದ ತಟ್ಟಿ ತಟ್ಟಿ ಕೇಳುತ್ತಿದ್ದರು. ಒಂದು ಕಡೆ ಟೊಳ್ಳು ಸದ್ದು ಬಂದರೆ ಮುಖ ಸಣ್ಣದಾಗುತ್ತಿತ್ತು. "ಹುಳ ಬಿದ್ದಿದೆ" ಎನ್ನುತ್ತಿದ್ದರು. ಹೊರಗೆ ನೋಡಿದರೆ ಸೂಜಿ ಚುಚ್ಚಿದಂಥ ತೂತು ಬಿಟ್ಟು ಏನೂ ಇಲ್ಲ. ದೋಣಿ ಕೊನೆಗೆ ಬಿಚ್ಚಿದಾಗ ಅದರ ಹಲಗೆಯ ಒಂದು ಗೇಣುದ್ದದ ತುಂಡನ್ನು ಮಾಮ ನನಗೆ ಕೊಟ್ಟರು. ಪೆಟ್ಟಿಗೆಯಲ್ಲಿ ಸೀರೆಗಳ ನಡುವೆ ಅದು ಘಾಟಿ ಹತ್ತಿತು.

ಅಜ್ಜ ಹುಳ ಎಂದದ್ದು ಹುಳವಲ್ಲ. ಬಿ.ಎಸ್ಸಿ.ಯಲ್ಲಿ ಪ್ರಾಣಿಶಾಸ್ತ್ರ ಓದುವಾಗ ಒಂದೇ ಒಂದು ಸಾಲಿನಲ್ಲಿ ಅದು ಬಂತು: ಟೆರೆಡೊ, ಹಡಗಿನ ಹುಳು, ಮೃದ್ವಂಗಿ, ಹಾನಿಕಾರಕ. ನಾನು ಆ ಸಾಲನ್ನು ಮೂರು ಸಲ ಓದಿದೆ. ಮೃದ್ವಂಗಿ ಎಂದರೆ ಮರುವಾಯಿಯ ಸಂಬಂಧಿ! ಅಮ್ಮ ಪುಂಡಿ (ಅಕ್ಕಿಯ ಉಂಡೆ) ಹಾಕಿ ಬೇಯಿಸುವ ಚಿಪ್ಪುಜೀವಿ ಮರುವಾಯಿ, ಹೊಳೆಯ ಕೆಸರಿನಲ್ಲಿ ಕಾಲಿನಿಂದ ತಡಕಿ ಆರಿಸುವ ಮರುವಾಯಿ. ಅದರ ದಾಯಾದಿ ಅಜ್ಜನ ದೋಣಿ ತಿಂದದ್ದು.

ನಂಬಲು ನನಗೆ ಸಾಕಷ್ಟು ದಿನ ಹಿಡಿಯಿತು. ಮರುವಾಯಿಗೆ ಎರಡು ಚಿಪ್ಪು, ಮೈ ಪೂರ್ತಿ ಅದರೊಳಗೆ. ಈ ಪ್ರಾಣಿಯ ಮೈ ಗೇಣುದ್ದ, ಕೆಲವು ಜಾತಿಗಳಲ್ಲಿ ಅದಕ್ಕಿಂತಲೂ ಉದ್ದ. ಚಿಪ್ಪು ಮಾತ್ರ ತಲೆಯ ಕಡೆ ಕಡಲೆಬೇಳೆಯಷ್ಟು. ಮರುವಾಯಿ ಚಿಪ್ಪನ್ನು ಮನೆ ಮಾಡಿಕೊಂಡಿತು, ಇದು ಚಿಪ್ಪನ್ನು ಅರ ಮಾಡಿಕೊಂಡಿತು. ಚಿಪ್ಪಿನ ಮೇಲೆ ಸಾಲು ಸಾಲು ಸಣ್ಣ ಹಲ್ಲುಗಳಿವೆ. ಎರಡೂ ಚಿಪ್ಪುಗಳು ಒಂದಕ್ಕೊಂದು ತಾಗುವ ಕಡೆ ಅಂಗಿಯ ಗುಂಡಿಯಂಥ ಉಬ್ಬುಗಳಿವೆ. ಅವುಗಳ ಮೇಲೆ ಚಿಪ್ಪುಗಳು ಅತ್ತಿತ್ತ ತೂಗುತ್ತ ಮರವನ್ನು ಉಜ್ಜುತ್ತವೆ. ಉಜ್ಜಿದ ಪುಡಿ ಹೊಟ್ಟೆಗೆ ಹೋಗುತ್ತದೆ. ಮರವನ್ನು ಜೀರ್ಣಿಸುವ ಕಿಣ್ವ ಬರುವುದು ಅದರ ಕಿವಿರಿನಲ್ಲಿ ವಾಸವಾಗಿರುವ ಬ್ಯಾಕ್ಟೀರಿಯಾದಿಂದ. ಅವುಗಳಲ್ಲಿ ಒಂದರ ಹೆಸರು ಟೆರೆಡಿನಿಬ್ಯಾಕ್ಟರ್ ಟರ್ನೆರೆ. ಆ ಟರ್ನರ್ ಯಾರೆಂದು ಮುಂದೆ ಹೇಳುತ್ತೇನೆ, ನನಗೆ ಬಹಳ ಬೇಕಾದವರು.

ಹುಳು ಅಲ್ಲ ಎಂದು ಮೊದಲು ಸಾಧಿಸಿದ್ದು ಒಂದು ಸಂಕಟದ ಕಾಲದಲ್ಲಿ. 1731ರಲ್ಲಿ ಹಾಲೆಂಡಿನ ಸಮುದ್ರ ತಡೆಗೋಡೆಗಳ ಮರದ ಕಂಬಗಳು ಒಳಗೊಳಗೇ ಟೊಳ್ಳಾಗಿ ಮುರಿಯತೊಡಗಿದವು. ಸಮುದ್ರಮಟ್ಟಕ್ಕಿಂತ ತಗ್ಗಿನಲ್ಲಿರುವ ನಾಡು; ಗೋಡೆ ಹೋದರೆ ಊರೇ ಹೋಯಿತು. ಜನ ದೇವರು ಕೊಟ್ಟ ಶಿಕ್ಷೆ ಎಂದು ಪ್ರಾರ್ಥನೆ ಮಾಡಿದರು. ಗಾಟ್‌ಫ್ರೀಡ್ ಸೆಲಿಯಸ್ ಎಂಬ ವಿದ್ವಾಂಸ ಆ ಪ್ರಾಣಿಯನ್ನು ಬಿಡಿಸಿ ನೋಡಿ, ಇದು ಚಿಪ್ಪುಜೀವಿಗಳ ಬಳಗದ್ದು ಎಂದು 1733ರಲ್ಲಿ ಪುಸ್ತಕ ಬರೆದ. ಕೊನೆಗೆ ಮರ ಬಿಟ್ಟು ಕಲ್ಲು ಹೊದಿಸಿದರು. ಲಿನೇಯಸ್ 1758ರಲ್ಲಿ ಟೆರೆಡೊ ನವಾಲಿಸ್ ಎಂದು ಹೆಸರಿಟ್ಟ. ಈಗಿನ ವರ್ಗೀಕರಣದಲ್ಲಿ ಇವುಗಳ ಕುಟುಂಬ ಟೆರೆಡಿನಿಡೆ. ಕಲ್ಲು, ಜೇಡಿ, ಮರ ಕೊರೆಯುವ ಫೋಲಾಡಿಡೆ ಮತ್ತು ಆಳ ಸಮುದ್ರದಲ್ಲಿ ಮುಳುಗಿದ ಮರ ತಿನ್ನುವ ಜೈಲೋಫಾಗೈಡೆ ಇವುಗಳ ಪಕ್ಕದ ಮನೆಯವು.

ಅದೇ 1758ರಲ್ಲಿ ಲಿನೇಯಸ್ ಇನ್ನೊಂದು ಪ್ರಾಣಿಯ ಸುಣ್ಣದ ಕೊಳವೆಯನ್ನು ನೋಡಿ ಅದನ್ನು ಕೊಳವೆ ಹುಳುಗಳ ಸರ್ಪುಲಾ ಕುಲಕ್ಕೆ ಸೇರಿಸಿಬಿಟ್ಟ. ಆನೆದಂತದ ಹಾಗಿರುವ, ಒಂದೂವರೆ ಮೀಟರ್ ಮುಟ್ಟುವ ಕೊಳವೆ ಅದು. ಇಂದು ಅದು ಕೂಫಸ್, ಟೆರೆಡೊಗಳ ದೊಡ್ಡಣ್ಣ. ಕೊಳವೆಗಳು ಸಂಗ್ರಹಾಲಯಗಳಲ್ಲಿ ಶತಮಾನಗಳಿಂದ ಇದ್ದವು. ಜೀವಂತ ಪ್ರಾಣಿಯನ್ನು ವಿಜ್ಞಾನಿಗಳು ಬಿಡಿಸಿ ನೋಡಿ ವರದಿ ಮಾಡಿದ್ದು 2017ರಲ್ಲಿ, ಫಿಲಿಪ್ಪೀನ್ಸಿನ ಒಂದು ಹಿನ್ನೀರಿನ ಕೆಸರಿನಿಂದ ತೆಗೆದು. ಮೈ ಕಪ್ಪಗೆ, ಮಿರುಗುವ ಹಾಗಿತ್ತು. ಅದು ಮರ ತಿನ್ನುವುದನ್ನು ಬಿಟ್ಟಿದೆ. ಕೊಳೆತ ಕೆಸರಿನ ಗಂಧಕದ ಅನಿಲವನ್ನು ಬಳಸಿ ಆಹಾರ ತಯಾರಿಸುವ ಬ್ಯಾಕ್ಟೀರಿಯಾ ಅದರ ಕಿವಿರಿನಲ್ಲಿವೆ. 2019ರಲ್ಲಿ ಅದೇ ದೇಶದ ಅಬಾಟನ್ ನದಿಯಲ್ಲಿ ಸುಣ್ಣಕಲ್ಲು ತಿಂದು ಮರಳು ವಿಸರ್ಜಿಸುವ ಇನ್ನೊಂದು ಸಂಬಂಧಿಯನ್ನು ವರದಿ ಮಾಡಿದರು, ಹೆಸರು ಲಿಥೊರೆಡೊ. ಒಂದೇ ಮನೆತನ. ಒಬ್ಬನಿಗೆ ಮರ, ಒಬ್ಬನಿಗೆ ಗಂಧಕ, ಒಬ್ಬನಿಗೆ ಕಲ್ಲು.

ಈಗ ಕಿಟಕಿಯ ಹತ್ತಿರದ ಎರಡು ತುಂಡುಗಳಿಗೆ ಬರುತ್ತೇನೆ. ಪಕ್ಕಪಕ್ಕ ಇಟ್ಟು ನೋಡಿದ ಮೇಲೆಯೇ ನನಗೆ ಕಂಡದ್ದು. ಕಾಫಿ ಬೋರರ್‌ನ ಸುರಂಗ ಪುಡಿಯಿಂದ ತುಂಬಿದೆ. ದೋಣಿಯ ಹಲಗೆಯ ಸುರಂಗ ಖಾಲಿ, ಒಳಗೆ ಸುತ್ತಲೂ ತೆಳ್ಳಗೆ ಬಿಳಿ ಸುಣ್ಣ ಬಳಿದಿದೆ. ಕೋಳಿಮೊಟ್ಟೆಯ ಸಿಪ್ಪೆಯಷ್ಟು ನಯ. ಅಷ್ಟು ಒತ್ತೊತ್ತಾಗಿ ಸುರಂಗಗಳಿದ್ದರೂ ಒಂದು ಇನ್ನೊಂದನ್ನು ಹಾಯ್ದಿಲ್ಲ. ಪಕ್ಕದವನ ಗೋಡೆ ಬಂತೆಂದು ಗೊತ್ತಾದ ಕೂಡಲೇ ತಿರುಗಿವೆ, ಕೆಲವು ಕಡೆ ಕಾಗದದಷ್ಟು ಮರ ಮಾತ್ರ ನಡುವೆ ಉಳಿದಿದೆ. ತುಂಡನ್ನು ಬೆಳಕಿಗೆ ಹಿಡಿದರೆ ಆ ಗೋಡೆಗಳಲ್ಲಿ ಕೆಂಪು ಹಾಯುತ್ತದೆ. ಒಂದು ಸುರಂಗದ ತುದಿಯಿಂದ ಹೇರ್‌ಪಿನ್ನಿನಲ್ಲಿ ಎರಡು ಚಿಪ್ಪು ಹೊರಗೆ ತೆಗೆದೆ. ಲೆನ್ಸಿನಲ್ಲಿ ನೋಡಿದರೆ ಹಲ್ಲಿನ ಸಾಲುಗಳು ಇನ್ನೂ ಚೂಪಾಗಿದ್ದವು.

ಆದರೂ ಅದು ಯಾವ ಜಾತಿ ಎಂದು ಹೇಳಲು ಚಿಪ್ಪು ಸಾಲದು. ಇಲ್ಲಿ ರೂತ್ ಟರ್ನರ್ ಬರುತ್ತಾರೆ. ಹಾರ್ವರ್ಡಿನಲ್ಲಿ ಕೆಲಸ ಮಾಡಿದವರು. 1966ರಲ್ಲಿ ಟೆರೆಡಿನಿಡೆಗಳ ಸಚಿತ್ರ ಪಟ್ಟಿ ತಂದರು. ಅದಕ್ಕೆ ಮೊದಲು ಒಂದೇ ಪ್ರಾಣಿಗೆ ಹತ್ತಾರು ಹೆಸರು ಇಟ್ಟ ಗೊಂದಲವಿತ್ತು, ಅದನ್ನು ಅವರು ಕೂತು ಬಿಡಿಸಿದರು. ಇಂದು ಒಪ್ಪಿಕೊಂಡಿರುವ ಜಾತಿಗಳು ಸುಮಾರು 70. 1971ರಲ್ಲಿ ಆಲ್ವಿನ್ ಎಂಬ ಮುಳುಗುನೌಕೆಯಲ್ಲಿ ಆಳಕ್ಕಿಳಿದ ಮೊದಲ ಮಹಿಳಾ ವಿಜ್ಞಾನಿಯೂ ಅವರೇ. ಅವರು ಹಿಡಿದ ಗುರುತು ಪ್ಯಾಲೆಟ್. ಪ್ರಾಣಿಯ ಬಾಲದ ಕಡೆ, ಹೊರಗಿನ ಸೂಜಿತೂತಿನ ಹತ್ತಿರ, ಎರಡು ಸುಣ್ಣದ ಬಿರಡೆಗಳಿರುತ್ತವೆ. ಅಪಾಯ ಬಂದರೆ, ಮಳೆಗಾಲದಲ್ಲಿ ಸಿಹಿನೀರು ನುಗ್ಗಿದರೆ, ನೀರಿಳಿದು ಮರ ಒಣಗತೊಡಗಿದರೆ, ಅವುಗಳಿಂದ ಬಾಗಿಲು ಜಡಿದು ಒಳಗೆ ವಾರಗಟ್ಟಲೆ ಬದುಕುತ್ತದೆ. ಟೆರೆಡೊ ಕುಲದಲ್ಲಿ ಅದು ದೋಣಿಯ ಹುಟ್ಟಿನ ಆಕಾರ. ಬ್ಯಾಂಕಿಯಾ ಕುಲದಲ್ಲಿ ಒಂದರ ಮೇಲೊಂದು ಕೂತ ಬಟ್ಟಲುಗಳ ಹಾಗೆ, ತೆನೆಯಂತೆ. ಇಡೀ ಕುಟುಂಬದ ವರ್ಗೀಕರಣ ಆ ಎರಡು ಬಿರಡೆಗಳ ಮೇಲೆ ನಿಂತಿದೆ. ಪ್ರಾಣಿ ಸತ್ತ ಮೇಲೆ ಮೊದಲು ಉದುರಿಹೋಗುವುದೂ ಅವೇ. ನನ್ನ ತುಂಡಿನಲ್ಲಿ ಒಂದೂ ಉಳಿದಿಲ್ಲ.

ಪಳೆಯುಳಿಕೆ ಹುಡುಕುವವರ ಕಷ್ಟವೂ ಇದೇ. ಕಲ್ಲಾದ ಮರ ಸಿಗುತ್ತದೆ, ಮರದಲ್ಲಿ ತೂತು ಸಿಗುತ್ತದೆ, ಕೊರೆದವನು ಸಿಗುವುದಿಲ್ಲ. ಹಾಗಾಗಿ ತೂತಿಗೇ ಬೇರೆ ಹೆಸರು ಕೊಟ್ಟಿದ್ದಾರೆ: ಟೆರೆಡೊಲೈಟಿಸ್. 1842ರಲ್ಲಿ ಭೂವಿಜ್ಞಾನಿ ಲೇಮೆರಿ ಇಟ್ಟ ಹೆಸರು. ಇದು ಪ್ರಾಣಿಯ ಹೆಸರಲ್ಲ, ಕೆಲಸದ ಹೆಸರು. ಗದೆಯ ಹಾಗೆ ಗಿಡ್ಡಗೆ ಉಬ್ಬಿದ್ದರೆ ಒಂದು ಬಗೆ, ಅದು ಹೆಚ್ಚಾಗಿ ಫೋಲಾಡಿಡೆಗಳ ಕೈಕೆಲಸ. ಉದ್ದಕ್ಕೆ ಬಳುಕುತ್ತ ಹೋದರೆ ಇನ್ನೊಂದು ಬಗೆ, ಅದು ಟೆರೆಡೊಗಳದ್ದು. ಡೈನೋಸಾರುಗಳಿದ್ದ ಕ್ರಿಟೇಷಿಯಸ್ ಕಾಲದ ಮರಗಳಲ್ಲೇ ಇಂಥ ಕೊರೆತ ಕಾಣುತ್ತದೆ. ಮ್ಯಾನ್ಮಾರಿನಲ್ಲಿ ಸಿಕ್ಕ, ಸುಮಾರು 10 ಕೋಟಿ ವರ್ಷ ಹಳೆಯ ಅಂಬರಿನಲ್ಲೂ ಫೋಲಾಡಿಡೆಗಳು ಕೊರೆದ ಗುಂಡಿಗಳಿವೆ. ಮರದ ಅಂಟು ಗಟ್ಟಿಯಾಗಿ ಸಮುದ್ರದಂಚಿಗೆ ಬಿದ್ದಾಗ ಅದನ್ನೂ ಬಿಟ್ಟಿಲ್ಲ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಅಮೆರಿಕದ ನಾರ್ತ್ ಡಕೋಟಾದ ಸಂಗತಿ. ಖಂಡದ ನಟ್ಟನಡುವೆ, ಯಾವ ಸಮುದ್ರದಿಂದಲೂ ಬಹು ದೂರ ಇರುವ ಆ ರಾಜ್ಯ 1967ರಲ್ಲಿ ತನ್ನ ರಾಜ್ಯ ಪಳೆಯುಳಿಕೆ ಎಂದು ಆರಿಸಿಕೊಂಡದ್ದು ಟೆರೆಡೊ ಕೊರೆದ ಕಲ್ಲುಮರವನ್ನು. ಸುಮಾರು 6 ಕೋಟಿ ವರ್ಷದ ಹಿಂದೆ ಅಲ್ಲಿ ಕ್ಯಾನನ್‌ಬಾಲ್ ಎಂದು ಈಗ ಕರೆಯುವ ಸಮುದ್ರವಿತ್ತು, ನದಿಗಳು ಮರ ತೇಲಿಸಿ ತಂದವು, ಇವು ಕೊರೆದವು. ಸಮುದ್ರ ಹೋಯಿತು, ಮರ ಕಲ್ಲಾಯಿತು, ತೂತು ಉಳಿಯಿತು.

ಕೊಡಗಿನಲ್ಲಿ ಅಂಥದ್ದೇನಾದರೂ ಸಿಕ್ಕೀತೇ ಎಂದು ಮಗಳು ಕೇಳಿದಳು. ಸಿಗುವುದಿಲ್ಲ ಮಗಾ, ಎಂದೆ. ನಮ್ಮ ತೋಟದಲ್ಲಿ ಗುಂಡಿ ತೋಡುವಾಗ ಹಾರೆಗೆ ತಾಗುವ ಕಲ್ಲು ಸುಮಾರು 300 ಕೋಟಿ ವರ್ಷದ್ದು. ಎರಡು ಚಿಪ್ಪಿನ ಜೀವಿಗಳು ಹುಟ್ಟಿದ್ದು ಕೇಂಬ್ರಿಯನ್ ಕಾಲದಲ್ಲಿ, 50 ಕೋಟಿ ವರ್ಷಗಳ ಚಿಲ್ಲರೆ ಹಿಂದೆ. ಫೋರ್ಡಿಲ್ಲಾ, ಪೊಜೆಟಾಯಿಯಾ ಎಂಬ, ಸಾಸಿವೆ ಮೆಂತ್ಯದ ಲೆಕ್ಕದಲ್ಲಿ ಅಳೆಯಬೇಕಾದ ಪುಟ್ಟ ಚಿಪ್ಪುಗಳು. ನಮ್ಮ ಬಂಡೆ ಅವಕ್ಕಿಂತ ಎಷ್ಟೋ ಹಿರಿದು. ತಮಿಳುನಾಡಿನ ಅರಿಯಲೂರು ಕಡೆ ಹೋದರೆ ಕ್ರಿಟೇಷಿಯಸ್ ಸಮುದ್ರವೇ ನೆಲದಡಿ ಇದೆ. ಅಲ್ಲಿನ ಎರಡು ಚಿಪ್ಪಿನ ಜೀವಿಗಳ ಮೇಲೆ ಪಳೆಯುಳಿಕೆ ತಜ್ಞ ಫರ್ಡಿನಾಂಡ್ ಸ್ಟೊಲಿಚ್ಕಾ 1871ರಲ್ಲಿ ದೊಡ್ಡ ಸಂಪುಟ ಬರೆದರು. ಮೂರೇ ವರ್ಷದಲ್ಲಿ ಲಡಾಖಿನಲ್ಲಿ ತೀರಿಕೊಂಡರು, ಲೇಹ್‌ನಲ್ಲಿ ಅವರ ಸ್ಮಾರಕವಿದೆ. ಬೇಸಿಗೆ ರಜೆಯಲ್ಲಿ ಅತ್ತ ಒಮ್ಮೆ ಹೋಗಬೇಕೆಂದಿದ್ದೇವೆ.

ನಮ್ಮ ತೋಟಕ್ಕೆ ಚಿಪ್ಪು ಬರುವ ದಾರಿ ಬೇರೆ. ಬೋರರ್ ತಡೆಯಲು ಕಾಂಡಕ್ಕೆ ಸುಣ್ಣ ಹೊಡೆಸುತ್ತೇವೆ, 200 ಲೀಟರ್ ನೀರಿಗೆ 20 ಕೆಜಿ. ತೊಗಟೆಯ ಬಿರುಕಿನಲ್ಲಿ ದುಂಬಿ ಮೊಟ್ಟೆ ಇಡದಿರಲಿ ಎಂದು. ಒಂದು ವರ್ಷ ಮಾಮ ಕರಾವಳಿಯಿಂದ ಚಿಪ್ಪು ಸುಟ್ಟ ಸುಣ್ಣ ಕಳಿಸಿದ್ದರು. ಅದನ್ನು ಸೋಸುವಾಗ ಜರಡಿಯಲ್ಲಿ ಅರ್ಧ ಬೆಂದ ಚಿಪ್ಪೊಂದು ಉಳಿಯಿತು. ಮರುವಾಯಿ. ಬೆಳೆದ ಗೆರೆಗಳು ಇನ್ನೂ ಲೆಕ್ಕ ಹಾಕುವ ಹಾಗಿದ್ದವು. ಕೊರೆಯುವ ಹುಳದಿಂದ ಕಾಫಿ ಗಿಡ ಉಳಿಸಲು ಮರುವಾಯಿಯ ಸುಣ್ಣ. ಅದೇ ಸುಣ್ಣವನ್ನು ಮೈಯಿಂದ ಒಸರಿ, ಅಜ್ಜನ ದೋಣಿಯೊಳಗೆ ಗೋಡೆಗೆ ಬಳಿದುಕೊಂಡದ್ದು ಅದರ ದಾಯಾದಿ. ಆ ಚಿಪ್ಪೂ ಈಗ ಕಿಟಕಿಯ ಹತ್ತಿರ ಇದೆ.

ಹಾನಿಕಾರಕ ಎಂಬ ಆ ಒಂದು ಸಾಲಿನ ಮೇಲೆ ನನಗೆ ಇಂದಿಗೂ ಬೇಸರವಿದೆ. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನಲ್ಲಿ ಬಿದ್ದ ಮರಗಳನ್ನು ಮಣ್ಣಿಗೆ ಮರಳಿಸುವ ದೊಡ್ಡ ಕೆಲಸ ಇವುಗಳದ್ದು. ಅವು ಇಲ್ಲದಿದ್ದರೆ ಆ ದಿಮ್ಮಿಗಳು ಹಾಗೇ ಬಿದ್ದಿರುತ್ತಿದ್ದವು. ಅಜ್ಜನ ನಷ್ಟ ನನಗೆ ಗೊತ್ತು, ನಾನೂ ಗಿಡ ಕಿತ್ತು ಸುಡುವವಳೇ. ಆದರೆ ಒಂದು ಪ್ರಾಣಿಯ ಪರಿಚಯ ನಮಗಾದ ನಷ್ಟದಲ್ಲೇ ಮುಗಿಯಬಾರದು.

ಹೋದ ಅಕ್ಟೋಬರಿನಲ್ಲಿ ಮಾಮನಿಗೆ ಫೋನ್ ಮಾಡಿ ಒಂದು ಕೆಲಸ ಹೇಳಿದೆ. ಮಾವಿನ ಹಲಗೆಯ ತುಂಡೊಂದನ್ನು ಹಗ್ಗ ಕಟ್ಟಿ, ಕಲ್ಲು ಬಿಗಿದು, ಹಳೆ ಜೆಟ್ಟಿಯ ಕಂಬಕ್ಕೆ ಇಳಿಬಿಡಬೇಕು. ಈ ಪ್ರಾಣಿಗಳನ್ನು ಓದುವವರು ಮಾಡುವುದೂ ಹೀಗೆಯೇ, ಹಲಗೆ ಮುಳುಗಿಸಿ ಕಾಯುವುದು. ಮಾಮ ಒಂದು ಗಳಿಗೆ ಸುಮ್ಮನಿದ್ದು, "ಜೀವಮಾನವಿಡೀ ಅದು ಬೀಳದ ಹಾಗೆ ನೋಡಿಕೊಂಡೆವು, ಈಗ ಬೀಳಲಿ ಅಂತೀಯಲ್ಲ ಮಗಾ" ಎಂದರು. ಮರುದಿನವೇ ಕಟ್ಟಿದರು. ಕಾಫಿ ಕೊಯ್ಲು ಮುಗಿಸಿ ಫೆಬ್ರವರಿಯಲ್ಲಿ ಇಳಿದು ಹೋಗುತ್ತೇನೆ. ಹಲಗೆ ಮೇಲೆತ್ತಿದ ಕೂಡಲೇ ಸೀಳಬಾರದು, ಮೊದಲು ಸಮುದ್ರದ ನೀರಿನ ಬಕೆಟ್ಟಿನಲ್ಲೇ ಇಡಬೇಕು, ಆಗ ಬಿರಡೆಗಳು ಬಾಗಿಲಲ್ಲೇ ಇರುತ್ತವೆ. ಹುಟ್ಟೋ, ತೆನೆಯೋ, ಆವತ್ತು ಗೊತ್ತಾಗುತ್ತದೆ.