ಅಜ್ಜಂಪುರದ ಎರೆಮಣ್ಣಿನಿಂದ ಕೆಮ್ಮಣ್ಣುಗುಂಡಿಯ ಕೆಂಪು ಬರೆಯವರೆಗೆ

ಕೆಮ್ಮಣ್ಣುಗುಂಡಿಗೆ ಹೋಗುವವರು ಚಿಕ್ಕಮಗಳೂರಿನ ಬದಲು ಅಜ್ಜಂಪುರದಿಂದ ಹೊರಡುವುದು ಒಳ್ಳೆಯದು. ತರೀಕೆರೆ, ಲಿಂಗದಹಳ್ಳಿ, ಕಲ್ಲತ್ತಿಗಿರಿಗಳ ಮೇಲೆ ಸಾಗುವ ಈ ಅರ್ಧ ದಿನದ ದಾರಿಯಲ್ಲಿ ಬಯಲುಸೀಮೆಯ ಮಳೆಯಿಂದ ಮಲೆನಾಡಿನ ಮಳೆಗೆ ಏರುತ್ತೇವೆ. ಮಳೆ ಹೆಚ್ಚಿದಂತೆ ಕಾಲಡಿಯ ಜೇಡಿಯ ಜಾತಿಯೇ ಬದಲಾಗುತ್ತದೆ. ಮರಳು, ಜೇಡಿ ಪದರಪದರವಾಗಿ ಕೂತು ಗಟ್ಟಿಯಾದ ಹಳೆಯ ಕಣಶಿಲೆಗಳಲ್ಲಿ ಪ್ರಾಚೀನ ಹವಾಮಾನವನ್ನು ಓದುವವರು ನೆಚ್ಚಿಕೊಂಡಿರುವುದು ಈ ಬದಲಾವಣೆಯನ್ನೇ.

ಅಜ್ಜಂಪುರದ ಸುತ್ತಲಿನ ಎರೆಹೊಲಗಳು ಬೇಸಿಗೆಯ ಹೊಸ್ತಿಲಲ್ಲಿ ಬಾಯಿ ಬಿಟ್ಟಿರುತ್ತವೆ. ಒಂದು ಬಿರುಕಿಗೆ ಪೆನ್ನು ಇಳಿಸಿದೆ, ಕ್ಯಾಪಿನ ಸಮೇತ ಒಳಗೆ ಹೋಯಿತು. ಈ ಮಣ್ಣಿನಲ್ಲಿರುವ ಸ್ಮೆಕ್ಟೈಟ್ ಎಂಬ ಜೇಡಿ ಖನಿಜ ತನ್ನ ಪದರಗಳ ನಡುವೆ ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ಪೂರ್ತಿ ತೊಳೆದೊಯ್ಯುವಷ್ಟು ಮಳೆ ಬೀಳದ, ವರ್ಷದಲ್ಲಿ ದೀರ್ಘ ಒಣಗಾಲವಿರುವ ಕಡೆ ಅದು ಉಳಿಯುತ್ತದೆ. ತಾಯಿಶಿಲೆಯ ಪಾತ್ರವೂ ಇದೆಯೆಂಬುದನ್ನು ಮರೆಯಬಾರದು. ಮಣ್ಣಿನ ಬಣ್ಣವೊಂದನ್ನೇ ನೋಡಿ ಮಳೆಯ ಲೆಕ್ಕ ಹಾಕಲಾಗದು.

ಲಿಂಗದಹಳ್ಳಿಯಿಂದ ಮೇಲಕ್ಕೆ ಹಿಡಿದ ಜೀಪು ನನ್ನನ್ನು ಚೆನ್ನಾಗಿ ಸುಲಿಯಿತು. ಮೊದಲು 2,000 ರೂಪಾಯಿಗೆ ಒಪ್ಪಿದ ಚಾಲಕ, ರಸ್ತೆ ಬದಿಯ ಬರೆ, ಅಂದರೆ ಕಡಿದ ಗುಡ್ಡದ ಗೋಡೆ, ನೋಡಲು ನಿಲ್ಲಿಸಿದಾಗಲೆಲ್ಲ ‘ವೇಟಿಂಗ್’ ಎಂದು 200 ರೂಪಾಯಿ ಸೇರಿಸುತ್ತಾ ಹೋದರು. ಹೇಳಿದಲ್ಲೆಲ್ಲ ನಿಲ್ಲಿಸಬೇಕೆಂಬ ಮಾತನ್ನು ಹತ್ತುವ ಮೊದಲೇ ಪಕ್ಕಾ ಮಾಡಿಕೊಳ್ಳಿ, ಏಕೆಂದರೆ ಈ ದಾರಿಯ ಸಾರವೆಲ್ಲ ಇರುವುದು ಆ ಬರೆಗಳಲ್ಲೇ.

ಅಲ್ಲಿನ ಕೆಂಪು ಮಣ್ಣು ಬೆರಳಲ್ಲಿ ತಿಕ್ಕಿದರೆ ಪುಡಿಯಾಗುತ್ತದೆ, ಆದರೂ ಕೊಳೆತ ಕಲ್ಲಿನ ಹಳೆಯ ಪಟ್ಟೆಗಳು ಅದರಲ್ಲಿ ಹಾಗೆಯೇ ಕಾಣುತ್ತವೆ. ಜೋರು ಮಳೆ ಸೋಡಿಯಂ, ಕ್ಯಾಲ್ಸಿಯಂ, ಪೊಟ್ಯಾಸಿಯಂಗಳನ್ನು ಕರಗಿಸಿ ಒಯ್ದ ಮೇಲೆ ಉಳಿಯುವುದು ಕಬ್ಬಿಣದ ಆಕ್ಸೈಡುಗಳು ಮತ್ತು ಕೆಯೊಲಿನೈಟ್ ಎಂಬ, ಉಬ್ಬದ ಜೇಡಿ. ಇಂಥ ಜೇಡಿಗಳನ್ನು ಹೊಳೆಗಳು ಕೆರೆಯ, ಕಡಲಿನ ತಳಕ್ಕೆ ಒಯ್ದು ಪದರಪದರವಾಗಿ ಹಾಸುತ್ತವೆ. ಆ ಪದರಗಳಿಗೆ ಪ್ರಯೋಗಾಲಯದಲ್ಲಿ ಎಕ್ಸ್-ರೇ ಹಾಯಿಸಿದರೆ ಕೆಯೊಲಿನೈಟ್ ತನ್ನ ಹರಳಿನ ಪದರಗಳ ನಡುವೆ ಸುಮಾರು 7 ಆಂಗ್‌ಸ್ಟ್ರಾಮ್ (ಮೀಟರಿನ ಸಾವಿರ ಕೋಟಿಯ ಒಂದು ಪಾಲು ಒಂದು ಆಂಗ್‌ಸ್ಟ್ರಾಮ್) ಅಂತರ ತೋರಿಸುತ್ತದೆ. ಗ್ಲೈಕಾಲ್ ಎಂಬ ದ್ರವ ಕುಡಿಸಿದ ಸ್ಮೆಕ್ಟೈಟ್ ಸುಮಾರು 17ಕ್ಕೆ ಉಬ್ಬುತ್ತದೆ. ಮೇಲಿನ ಪದರಗಳಲ್ಲಿ ಒಂದು ತಗ್ಗಿ ಇನ್ನೊಂದು ಹೆಚ್ಚಿದ್ದರೆ ಆ ನಾಡಿನ ಮಳೆಯ ಸ್ವಭಾವ ಬದಲಾಗಿರಬಹುದೆಂದು ಊಹಿಸುತ್ತಾರೆ.

ಕೆಮ್ಮಣ್ಣುಗುಂಡಿ ಇರುವ ಬಾಬಾಬುಡನ್ ಶ್ರೇಣಿಯ ಬಂಡೆಗಳಿಗೇ ಈ ಉಪಾಯ ಹೊಂದುವುದಿಲ್ಲ. 250 ಕೋಟಿ ವರ್ಷಗಳಿಗೂ ಹಳೆಯವಾದ ಅವು ಭೂಮಿಯೊಳಗೆ ಬೆಂದು, ಅವುಗಳ ಜೇಡಿಯೆಲ್ಲ ಅಭ್ರಕ ಮತ್ತು ಕ್ಲೋರೈಟ್ ಎಂಬ ಬೇರೆ ಖನಿಜಗಳಾಗಿದೆ. ಅಂಥಲ್ಲಿ ಖನಿಜವನ್ನು ಬಿಟ್ಟು ಧಾತುಗಳ ಪ್ರಮಾಣವನ್ನು ಅಳೆಯುತ್ತಾರೆ. ತೊಳೆದುಹೋಗದ ಅಲ್ಯೂಮಿನಿಯಂ ಎಷ್ಟು ಪಾಲು ಉಳಿದಿದೆ ಎಂಬ ಈ ಸೂಚ್ಯಂಕವನ್ನು 1982ರಲ್ಲಿ ಭೂವಿಜ್ಞಾನಿಗಳಾದ ನೆಸ್ಬಿಟ್ ಮತ್ತು ಯಂಗ್ ರೂಪಿಸಿದರು. ನನ್ನನ್ನು ಬೆರಗುಗೊಳಿಸಿದ್ದು ಈ ಶಿಲಾಸಮೂಹದ ಬುಡದಲ್ಲಿರುವ ಬೆಣಚು ಉರುಟುಗಲ್ಲುಗಳ ಪದರದ ಸಂಗತಿ. ಅದರಲ್ಲಿ ಹೊಳೆ ಹೊತ್ತು ತಂದ ಪೈರೈಟ್ ಎಂಬ ಕಬ್ಬಿಣ-ಗಂಧಕದ ಖನಿಜದ ಕಣಗಳಿವೆ. ಇಂದಿನ ಗಾಳಿಯಲ್ಲಿ ಆ ಖನಿಜ ಬೇಗನೆ ತುಕ್ಕಾಗುತ್ತದೆ. ಅಂದು ಹಾಗಾಗಲಿಲ್ಲವೆಂದರೆ ಗಾಳಿಯಲ್ಲಿ ಆಮ್ಲಜನಕ ಬಹಳ ಕಡಿಮೆಯಿದ್ದಿರಬೇಕು. ಅದರ ಮೇಲಿನ ಪದರಗಳಲ್ಲಿ, ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣ ತಳಕ್ಕಿಳಿದು ಪಟ್ಟೆಪಟ್ಟೆಯಾಗಿ ಕೂತಿದೆ. ಮುಂದೆ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಅದಿರು ಹೋದದ್ದು ಈ ಗುಡ್ಡಗಳಿಂದಲೇ.

ಊಟಕ್ಕೆ ಬೆಟ್ಟದ ಮೇಲೆ ಕಾಯಬೇಡಿ. ಲಿಂಗದಹಳ್ಳಿಯಲ್ಲಿ ಬಾಗಿಲಿಗೆ ಬೋರ್ಡೂ ಇಲ್ಲದ ಒಂದು ಹೋಟೆಲಿನಲ್ಲಿ ಕಾವಲಿಯಿಂದ ಆಗಷ್ಟೇ ಇಳಿದ ಅಕ್ಕಿರೊಟ್ಟಿ, ಹುಚ್ಚೆಳ್ಳಿನ ಚಟ್ನಿ, ಹುರುಳಿಕಾಳಿನ ಬಸ್ಸಾರು ಸಿಕ್ಕಿತು. ರೊಟ್ಟಿಯ ಅಂಚು ಗರಿಗರಿ, ನಡು ಮೆತ್ತಗೆ. ಸಾರಿನ ಬೆಳ್ಳುಳ್ಳಿ ಒಗ್ಗರಣೆಯ ಘಮ ರಸ್ತೆಯವರೆಗೂ ಬರುತ್ತಿತ್ತು. ‘ಇನ್ನೊಂದು ಹಾಕ್ಲೇನಣ್ಣ, ಬಿಸಿ ಐತೆ’ ಎಂದು ಆ ಅಮ್ಮ ಕೇಳಿದಾಗ ಬೇಡವೆನ್ನಲಾಗಲಿಲ್ಲ. ಎಲ್ಲಕ್ಕೂ 70 ರೂಪಾಯಿ.

ನೋಟ ಚೆನ್ನಾಗಿದೆಯೆಂಬ ಒಂದೇ ಕಾರಣಕ್ಕೆ ಬೆಟ್ಟದ ಬದಿಯ ರೂಮಿಗೆ ದುಬಾರಿ ಬಾಡಿಗೆ ಕೊಡುವುದಕ್ಕಿಂತ ತರೀಕೆರೆಯಲ್ಲಿ ತಂಗುವುದು ಮೇಲು. ಜನಜಂಗುಳಿ ನನಗೆ ಆಗದು; ಭಾನುವಾರದ ಕಲ್ಲತ್ತಿಗಿರಿಯಲ್ಲಿ ನಾನು ಇಳಿಯಲೂ ಇಲ್ಲ. ಮಳೆಗಾಲದಲ್ಲಿ ಘಾಟಿಯ ಬರೆಗಳು ಕುಸಿಯುವುದುಂಟು, ಎರೆಹೊಲದ ಬಿರುಕುಗಳೂ ಮುಚ್ಚಿರುತ್ತವೆ. ಹಾಗಾಗಿ ಫೆಬ್ರವರಿಯ ಒಂದು ವಾರದ ದಿನವನ್ನು ಆರಿಸಿಕೊಳ್ಳಿ. ಸುತ್ತ ಅರಣ್ಯವಿರುವುದರಿಂದ ಕಲ್ಲು ಒಡೆಯುವ, ಮಣ್ಣು ತುಂಬಿಕೊಳ್ಳುವ ಕೆಲಸ ಬೇಡ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಒಂದು ಮಸೂರ ಜೇಬಿನಲ್ಲಿದ್ದರೆ ಸಾಕು.