ಕಿಮೋನೋಗೆ ಕತ್ತರಿ ಹಾಕುವ ಮೊದಲು

14 ವರ್ಷದಿಂದ ಬೆಂಗಳೂರಿನಲ್ಲಿ ಡ್ಯಾನ್ಸ್ ಉಡುಪು ಹೊಲಿಸುತ್ತಿದ್ದೇನೆ. ಜಾಸ್ತಿ ಭರತನಾಟ್ಯದ್ದೇ. ಅಳತೆ ಕೈಗೆ ಬಂದರೆ ಸಾಕು, ನಮ್ಮ ಮಾಸ್ಟರ್ ಅರ್ಧ ದಿನದಲ್ಲಿ ಕಟಿಂಗ್ ಮುಗಿಸಿಬಿಡುತ್ತಾರೆ.

ಕಳೆದ ವರ್ಷ ಒಬ್ಬ ಹುಡುಗಿ ಮೊಬೈಲ್ ಹಿಡಿದು ಬಂದಳು. 2005ರ ‘ಮೆಮಾಯರ್ಸ್ ಆಫ್ ಎ ಗೇಶಾ’ ಸಿನಿಮಾದಲ್ಲಿ ಹಿಮ ಬೀಳುವ ವೇದಿಕೆ ಮೇಲೆ ನಾಯಕಿ ಕೊಡೆ ಹಿಡಿದು ಕುಣಿಯುತ್ತಾಳಲ್ಲ, ಆ ಕಿಮೋನೋ, ಅಂದರೆ ಜಪಾನಿನ ಸಾಂಪ್ರದಾಯಿಕ ಉಡುಪು, ಬೇಕಂತೆ. “ಅಕ್ಕಾ, ಇದೇ ಥರ ಇರಬೇಕು. ಮೂರು ವಾರ ಟೈಮಿದೆ” ಅಂದಳು. ಆ ಸಿನಿಮಾದ ಉಡುಪುಗಳಿಗೆ ಕಾಲೀನ್ ಅಟ್‌ವುಡ್ ಅವರಿಗೆ ಆಸ್ಕರ್ ಬಂದಿದೆ. ಇಂಥ ಕೆಲಸ ನಮ್ಮ ಅಂಗಡಿಗೆ ಬಂತಲ್ಲ ಅಂತ ಖುಷಿಯಿಂದ ಒಪ್ಪಿಕೊಂಡೆ.

ತಪ್ಪು ಮೊದಲ ದಿನವೇ ಆಯಿತು. ವಿಡಿಯೋ ನಿಲ್ಲಿಸಿ ಫೋಟೋ ತೆಗೆದು, ಕಣ್ಣಿಗೆ ಕಂಡ ಆಕಾರಕ್ಕೇ ಕಟಿಂಗ್ ಮಾಡಿಸಿದೆ. ಭುಜಕ್ಕೆ ಇಳಿಜಾರು, ತೋಳಿಗೆ ಆರ್ಮ್‌ಹೋಲ್, ಸೊಂಟಕ್ಕೆ ಸ್ವಲ್ಪ ಶೇಪ್. ಕೋರಾ ಬಟ್ಟೆಯಲ್ಲಿ ಹೊಲಿದು ಟ್ರಯಲ್ ನೋಡಿದೆವು. ಸುಮ್ನೆ ನಿಂತಾಗ ಚೆನ್ನಾಗಿಯೇ ಇತ್ತು. “ಕೈ ಎತ್ತಮ್ಮ” ಅಂದೆ. ಕೈ ಜೊತೆಗೆ ಎದೆ ಮೇಲಿನ ಬಟ್ಟೆಯೂ ನಡುಪಟ್ಟಿಯಿಂದ ಕಿತ್ತುಕೊಂಡು ಮೇಲೆ ಬಂತು. ಎರಡು ಹೆಜ್ಜೆ ಇಡುವಷ್ಟರಲ್ಲಿ ಹಿಂದಿನ ಅಂಚು ಕಾಲಿಗೆ ಸುತ್ತಿಕೊಂಡಿತು.

ಅವತ್ತು ರಾತ್ರಿ ಸಿನಿಮಾ ಬಿಟ್ಟು ಕಿಮೋನೋ ಹೊಲಿಯುವ ಕ್ರಮವನ್ನೇ ಓದಲು ಕೂತೆ. ಜಪಾನಿನಲ್ಲಿ ಕಿಮೋನೋ ಬಟ್ಟೆ ಬರುವುದೇ ಸಣ್ಣ ಪನ್ನದಲ್ಲಿ, ಅಂದರೆ ಕಡಿಮೆ ಅಗಲದಲ್ಲಿ. ಅಗಲ 36–38 ಸೆಂಟಿಮೀಟರ್, ಉದ್ದ ಸುಮಾರು 12 ಮೀಟರ್. ಅದರಲ್ಲಿ ಎಂಟು ತುಂಡು: ಮೈಗೆ ಎರಡು, ತೋಳಿಗೆ ಎರಡು, ಮುಂದೆ ಸೇರಿಸುವ ಪಟ್ಟಿ ಎರಡು, ಕಾಲರ್ ಒಂದು, ಕಾಲರ್ ಮೇಲಿನ ಹೊದಿಕೆ ಒಂದು. ಎಲ್ಲವೂ ನೇರ. ಮೈ ತುಂಡಿಗೆ ಭುಜದಲ್ಲಿ ಹೊಲಿಗೆಯೇ ಇಲ್ಲ, ಮುಂದಿನಿಂದ ಹಿಂದಕ್ಕೆ ಒಂದೇ ಬಟ್ಟೆ ಹಾಯುತ್ತದೆ. ಹೆಚ್ಚಾದ ಬಟ್ಟೆಯನ್ನು ಕತ್ತರಿಸಿ ಎಸೆಯುವುದಿಲ್ಲ, ಹೊಲಿಗೆಯ ಒಳಗೇ ಮಡಚಿಡುತ್ತಾರೆ.

ಬೆಳಗ್ಗೆ ಮಾಸ್ಟರ್‌ಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ಪನ್ನ ಸೀಳೋಣ ಮೇಡಂ” ಅಂದರು. ಚಿಕ್ಕಪೇಟೆಯಲ್ಲಿ ಸಿಗುವ ಕ್ರೇಪ್ 44 ಇಂಚು ಪನ್ನ. ಮೂರಾಗಿ ಸೀಳಿದರೆ ಒಂದೊಂದೂ 14 ಇಂಚಿನ ಮೇಲೆ. ಜಪಾನಿನ ಅಗಲ ಹೆಚ್ಚುಕಮ್ಮಿ ಅಷ್ಟೇ! ಆರು ಮೀಟರ್ ತಂದೆವು. ಎರಡು ಪಟ್ಟಿಯಲ್ಲಿ ಮೈ ಮತ್ತು ತೋಳು, ಮೂರನೆಯದರಲ್ಲಿ ಉಳಿದದ್ದು. ಅವರ ಬಟ್ಟೆಗೆ ಎರಡೂ ಕಡೆ ನೇಯ್ದ ಅಂಚಿರುತ್ತದೆ, ನಮ್ಮದು ಸೀಳಿದ ಬಟ್ಟೆ. ನೂಲು ಬಿಡದ ಹಾಗೆ ಅಂಚನ್ನೆಲ್ಲ ಮಡಚಿ ಹೊಲಿಯುವುದಕ್ಕೇ ಒಂದು ದಿನ ಹಿಡಿಯಿತು.

ಕೈ ಎತ್ತಿದರೆ ಬಟ್ಟೆ ಏಳುವ ಸಮಸ್ಯೆಗೆ ಉತ್ತರ ತೋಳಿನಲ್ಲೇ ಇತ್ತು. ಹೆಂಗಸರ ಕಿಮೋನೋದಲ್ಲಿ ತೋಳನ್ನು ಮೈಗೆ ಸೇರಿಸುವುದು ಭುಜದ ಹತ್ತಿರ ಸ್ವಲ್ಪ ಉದ್ದ ಮಾತ್ರ. ಅದರ ಕೆಳಗೆ ತೋಳು ಬಿಡಿಯಾಗಿ ಜೋತಾಡುತ್ತದೆ. ಮೈಯ ಪಕ್ಕದ ಹೊಲಿಗೆಯನ್ನೂ ಕಂಕುಳ ಕೆಳಗೆ ಒಂದು ಗೇಣಿನಷ್ಟು ಬಿಟ್ಟೇ ಶುರು ಮಾಡುತ್ತಾರೆ. ಆ ಬಿರುಕಿಗೆ ಮಿಯತ್ಸುಕುಚಿ ಅಂತ ಹೆಸರು. ನಾನು ಅದನ್ನು ಪೂರ್ತಿ ಮುಚ್ಚಿ ಹೊಲಿಸಿದ್ದೆ. ಬಿಟ್ಟು ಹೊಲಿದ ಮೇಲೆ ಆ ಹುಡುಗಿ ಕೊಡೆಯನ್ನು ತಲೆ ಮೇಲೆ ಎತ್ತಿ ತಿರುಗಿದಳು. ಎದೆಯ ಮಡಿಕೆ ಒಂದು ನೂಲಿನಷ್ಟೂ ಅಲುಗಲಿಲ್ಲ.

ಅಂಚಿನದ್ದು ಇನ್ನೊಂದು ಪಾಠ. ಜಪಾನಿನ ನೃತ್ಯ-ಸಂಗೀತ ಕಲಾವಿದೆಯರಾದ ಗೇಶಾಗಳು ಕುಣಿಯುವಾಗ ತೊಡುವ, ನೆಲದ ಮೇಲೆ ಎಳೆದಾಡುವ ಕಿಮೋನೋಗೆ ಹಿಕಿಜುರಿ ಅನ್ನುತ್ತಾರೆ. ಅದರ ಲೈನಿಂಗನ್ನು ಕೆಳಗೆ ಸ್ವಲ್ಪ ಹೊರಗೆ ತಂದು, ಒಳಗೆ ಹತ್ತಿ ತುಂಬಿ ದಪ್ಪ ಅಂಚು ಮಾಡುತ್ತಾರೆ. ಆ ತೂಕ ಇದ್ದರೆ ಬಟ್ಟೆ ಕಾಲಿಗೆ ಸುತ್ತುವುದಿಲ್ಲ, ಹಿಂದೆ ಬೀಸಣಿಗೆಯಂತೆ ಹರಡಿಕೊಳ್ಳುತ್ತದೆ. ನಾವು ಬೆರಳು ದಪ್ಪ ಅರಳೆ ಹಾಕಿದೆವು.

ಕಿಮೋನೋವನ್ನು ಎದೆ ಮೇಲೆ ಮಡಚುವಾಗ ಎಡಭಾಗ ಯಾವತ್ತೂ ಮೇಲೆ ಬರಬೇಕು. ಬಲಭಾಗ ಮೇಲೆ ಬಂದರೆ ಅದು ಹೆಣಕ್ಕೆ ಉಡಿಸುವ ರೀತಿ. ಹುಡುಗಿ ಕೊಟ್ಟ ಕ್ಲಿಪ್ಪನ್ನು ಯಾರೋ ಎಡಬಲ ತಿರುಗಿಸಿ ಹಾಕಿದ್ದರು. ನಾನು ಅದನ್ನೇ ನಂಬಿ ಕಟ್ಟಿಸಿದ್ದೆ. ವೇದಿಕೆ ಮೇಲೆ ಹಾಗೇ ಹೋಗಿದ್ದರೆ ಎಷ್ಟು ಕೆಟ್ಟದಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ ಅನ್ನುತ್ತದೆ. ಬಣ್ಣವನ್ನೂ ಕ್ಲಿಪ್ ನೋಡಿ ಆರಿಸಲಿಲ್ಲ. ಅಲ್ಲಿನ ನೀಲಿ ಲೈಟಿನಲ್ಲಿ ಬಿಳಿ ಯಾವುದು, ಬೂದು ಯಾವುದು ತಿಳಿಯುವುದಿಲ್ಲ. ಥಿಯೇಟರಿನ ಲೈಟ್ ಹಾಕಿಸಿ ಬಟ್ಟೆ ಹಿಡಿದು ನೋಡಿದೆವು.

ಹಿಮ, ಕೊಡೆ, ಒಂಟಿ ಹೆಣ್ಣು ಅಂದರೆ ಜಪಾನಿನ ಸಾಂಪ್ರದಾಯಿಕ ರಂಗಕಲೆ ಕಬೂಕಿಯಲ್ಲಿ ‘ಸಾಗಿ ಮುಸುಮೆ’ ಇದೆ, ಬೆಳ್ಳಕ್ಕಿ ಹುಡುಗಿಯ ಕುಣಿತ. ಮೊದಲು ಆಡಿದ್ದು 1762ರಲ್ಲಿ. ಕಬೂಕಿ ನಟ ಬಂಡೋ ತಮಸಬುರೋ ಅವರು ಮಾಡಿದ್ದನ್ನು ನಾನೂ ಮಾಸ್ಟರೂ ಕೂತು ಮತ್ತೆ ಮತ್ತೆ ನೋಡಿದೆವು. ಕಬೂಕಿಯಲ್ಲಿ ಕೋಕೆನ್ ಎಂಬ ಸಹಾಯಕ ವೇದಿಕೆ ಮೇಲೆಯೇ ಹಿಂದೆ ಕೂತು ಉಡುಪು ಸರಿಮಾಡುತ್ತಾನೆ. ನಮ್ಮ ಹುಡುಗಿಯ ತಂಗಿಯನ್ನೇ ಆ ಜಾಗದಲ್ಲಿ ಕೂರಿಸಿದೆವು. ಸಿನಿಮಾದಲ್ಲಿರುವ ಅಷ್ಟೆತ್ತರದ ಮೆಟ್ಟು ಮಾತ್ರ ಬೇಡ ಅಂದೆ. ಅವಳು ಬಿಳಿ ಕಾಲುಚೀಲದಲ್ಲೇ ಕುಣಿದಳು.

ಶೋ ಆಗಿ ಎರಡು ತಿಂಗಳಿಗೆ ತಂಗಿಗೂ ಅದೇ ಉಡುಪು ಬೇಕಾಯಿತು. ಅವಳು ಅಕ್ಕನಿಗಿಂತ ತೆಳ್ಳಗೆ. ಮಾಸ್ಟರ್ ಟೇಪ್ ತೆಗೆದುಕೊಂಡರು, ಕತ್ತರಿ ತೆಗೆದುಕೊಳ್ಳಲಿಲ್ಲ. ಕೈಹೊಲಿಗೆಯಾದ್ದರಿಂದ ದಾರ ಸರಾಗವಾಗಿ ಬಿಚ್ಚಿತು. ಪಕ್ಕದಲ್ಲಿ ಒಂದೊಂದು ಇಂಚು ಒಳಗೆ ಮಡಚಿ, ಸಂಜೆಯೊಳಗೆ ಮತ್ತೆ ಕೈಯಲ್ಲೇ ಹೊಲಿದು ಕೊಟ್ಟೆವು.